ಸೂಜಿ ಎಲೆ ಸಣ್ಣದಾಗುವುದು ಕತ್ತರಿಯಿಂದಲ್ಲ, ಕಾಲದಿಂದ

ಪೈನ್ ಬೋನ್ಸಾಯಿಯ ಚಾಟ್ನಿಯಿಂದ ನಮ್ಮ ಸರ್ವೆ, ಹುಣಸೆಗೆ ಸಿಗುವ ಪಾಠ

ಕುಂಡದಲ್ಲಿ ಬೆಳೆಸಿದ ಕುಳ್ಳ ಮರ, ಅಂದರೆ ಬೋನ್ಸಾಯ್, ಈಗ ದೊಡ್ಡ ಊರಿನವರಷ್ಟೇ ಕಂಡ ವಸ್ತುವಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋನ್ಸಾಯ್ ತೋಟ ಇದೆ. ಮೈಸೂರಿನ ಅವಧೂತ ದತ್ತಪೀಠದ ಆವರಣದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಇದೆ. ಅವನ್ನು ನೋಡಿ ಬಂದವರು ನಮ್ಮ ನಿಡಗುಂದಿ ಕಡೆಗೂ ಸುದ್ದಿ ತಂದಿದ್ದಾರೆ. ಕೃಷ್ಣೆಯ ಹಿನ್ನೀರಿಗೆ ಹೊಲ ಕೊಟ್ಟು ಎಕರೆ, ಅರ್ಧ ಎಕರೆಗೆ ಇಳಿದವರು, ಪುನರ್ವಸತಿ ಕೇಂದ್ರದಲ್ಲಿ ಹಿತ್ತಲಷ್ಟೇ ಉಳಿದವರು ಕೇಳುವ ಪ್ರಶ್ನೆ ಒಂದೇ: "ಜಾಗಾ ಕಡಿಮಿ, ನೀರೂ ಕಡಿಮಿ. ಆಲಮಟ್ಟಿ ನೋಡಾಕ ಬರೋ ಮಂದಿ ಅಂತೂ ಇದ್ದಾರ. ಕುಂಡದಾಗ ಗಿಡಾ ಮಾಡಿ ಮಾರಿದ್ರ ಹ್ಯಾಂಗ್ರಿ?"

ಮಾಡಬಹುದು. ಆದರೆ ಇದು ಎರಡು ವರ್ಷದ ಬೆಳೆ ಅಲ್ಲ. ಒಂದು ಗಿಡ ನೋಡುವಂತಾಗಲು ಏಳೆಂಟು ವರ್ಷ ಬೇಕು. ಅಷ್ಟು ವರ್ಷ ಸಾಕಿದ ಮೇಲೂ ಗಿಡದ ಬೆಲೆ ಬೀಳುವುದು ಒಂದೇ ಕಾರಣಕ್ಕೆ: ಕಾಂಡ ಚೆಂದ ಇದೆ, ಬೇರು ಚೆಂದ ಇದೆ, ಎಲೆ ಮಾತ್ರ ದೊಡ್ಡದು. ಗೇಣುದ್ದ ಗಿಡಕ್ಕೆ ಅಂಗೈ ಅಗಲದ ಎಲೆ ಇದ್ದರೆ ಅದು ಮರದಂತೆ ಕಾಣುವುದಿಲ್ಲ, ಕುಂಡದಲ್ಲಿಟ್ಟ ಸಸಿಯಂತೆ ಕಾಣುತ್ತದೆ. ಎಲೆ ಸಣ್ಣದಾದರೆ ಅದೇ ಗಿಡ ಊರ ಹೊರಗಿನ ಹಳೇ ಮರದ ಹಾಗೆ ಕಾಣುತ್ತದೆ.

ಎಲೆ ಸಣ್ಣದು ಮಾಡುವ ವಿದ್ಯೆಯನ್ನು ಬಹಳ ಆಳಕ್ಕೆ ಕಲಿತವರು ಜಪಾನಿನವರು. ಅವರು ಕಲಿತದ್ದು ಪೈನ್ ಮರದ ಮೇಲೆ. ಆ ಮರ ನಮ್ಮ ಭಾಗಕ್ಕೆ ಹೊಂದುವುದಿಲ್ಲ. ಅವರ ವಿಚಾರ ಮಾತ್ರ ನಮಗೆ ಹೊಸದಲ್ಲ, ದ್ರಾಕ್ಷಿ ಚಾಟ್ನಿ ಮಾಡಿದ ಯಾವ ರೈತನಿಗೂ ಅದು ಅರ್ಥವಾಗುತ್ತದೆ. ಆದ್ದರಿಂದ ಮೊದಲು ಪೈನ್ ಕಥೆ ಹೇಳಿ, ಆಮೇಲೆ ನಮ್ಮ ಗಿಡಕ್ಕೆ ಬರುತ್ತೇನೆ.

ಸೂಜಿ ಬೆಳೆಯುವ ಬಗೆ

ಪೈನ್ ಎಲೆ ಸೂಜಿಯ ಹಾಗೆ ಇರುತ್ತದೆ. ಎರಡು, ಮೂರು ಇಲ್ಲವೇ ಐದು ಸೂಜಿಗಳು ಒಂದೇ ಬುಡದಲ್ಲಿ ಕಟ್ಟಿದಂತೆ ಬರುತ್ತವೆ. ಬುಡದ ಸುತ್ತ ತೆಳ್ಳನೆಯ ಒಂದು ಒರೆ ಇರುತ್ತದೆ. ಸೂಜಿ ಉದ್ದವಾಗುವುದು ಆ ಒರೆಯೊಳಗಿನ ಬುಡದಿಂದ. ತುದಿ ಮೊದಲು ಹೊರಗೆ ಬರುತ್ತದೆ, ಬುಡ ಕೊನೆಗೆ ಬಲಿಯುತ್ತದೆ. ಬಲಿತ ಮೇಲೆ ಆ ಸೂಜಿ ಉದ್ದವಾಗುವುದೂ ಇಲ್ಲ, ಗಿಡ್ಡವಾಗುವುದೂ ಇಲ್ಲ.

ಇದು ತಿಳಿಯದವರು ಕತ್ತರಿ ಹಿಡಿದು ಸೂಜಿಯ ತುದಿಯನ್ನೇ ಸಾಲಾಗಿ ಕತ್ತರಿಸುತ್ತಾರೆ. ಕತ್ತರಿಸಿದ ತುದಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟಂತೆ ಕಾಣುತ್ತದೆ. ಗಿಡದ ಅಂದ ಹೋಯಿತು, ಮುಂದಿನ ವರ್ಷದ ಸೂಜಿ ಮತ್ತೆ ಅಷ್ಟೇ ಉದ್ದ ಬಂತು. ಬಂದ ಎಲೆಯನ್ನು ಕತ್ತರಿಸಿ ಸಣ್ಣದು ಮಾಡಲಾಗದು. ಮುಂದೆ ಬರುವ ಎಲೆ ಸಣ್ಣದಾಗಿ ಬರುವ ಹಾಗೆ ಗಿಡವನ್ನು ತಯಾರು ಮಾಡಬೇಕು.

ಬರುವ ಎಲೆಯ ಅಳತೆಯನ್ನು ನಿರ್ಧರಿಸುವುದು ನಾಲ್ಕು ಸಂಗತಿಗಳು. ಒಂದು, ಚಿಗುರಿಗೆ ಬೆಳೆಯಲು ಸಿಕ್ಕ ದಿನಗಳು. ಎರಡು, ಬೇರು ಮೇಲಕ್ಕೆ ಕಳಿಸುವ ಆಹಾರ ಎಷ್ಟು ಕುಡಿಗಳಿಗೆ ಹಂಚಿಕೆಯಾಗುತ್ತದೆ ಎಂಬುದು. ಹಾಲು ಅಷ್ಟೇ ಇದ್ದು ಕುಡಿಯುವ ಮಕ್ಕಳು ಹೆಚ್ಚಾದರೆ ಒಬ್ಬೊಬ್ಬರ ಪಾಲು ಸಣ್ಣದಾಗುವ ಹಾಗೆ. ಮೂರು, ಎಲೆ ಉದ್ದವಾಗುವ ದಿನಗಳಲ್ಲಿ ಸಿಕ್ಕ ನೀರು ಮತ್ತು ಸಾರಜನಕ. ನಾಲ್ಕು, ಬಿಸಿಲು. ನೆರಳಲ್ಲಿ ಬೆಳೆದ ಎಲೆ ಬೆಳಕು ಹುಡುಕಿ ಅಗಲವಾಗುತ್ತದೆ, ತೆಳ್ಳಗಾಗುತ್ತದೆ. ಯಾವ ಮರದ ಒಳಗಿನ ಟೊಂಗೆ ನೋಡಿದರೂ ಇದು ಕಾಣುತ್ತದೆ.

ಜಪಾನಿನವರ ಚಾಟ್ನಿ

ಜಪಾನಿನ ಕಪ್ಪು ಪೈನ್ ನೆಲದ ಮೇಲೆ ಬೆಳೆದರೆ ಅದರ ಸೂಜಿ ಸುಮಾರು ಮೂರರಿಂದ ಐದು ಅಂಗುಲ ಇರುತ್ತದೆ. ಪಳಗಿದ ಬೋನ್ಸಾಯಿಯಲ್ಲಿ ಅದೇ ಸೂಜಿ ಒಂದು ಅಂಗುಲಕ್ಕೆ ಇಳಿದಿರುತ್ತದೆ. ಇದು ಆಗುವ ಬಗೆ ಹೀಗೆ.

ಚಳಿಗಾಲ ಮುಗಿದು ಬೆಚ್ಚಗಾದಾಗ ಪ್ರತಿ ಟೊಂಗೆಯ ತುದಿಯಲ್ಲಿ ಮೇಣದಬತ್ತಿಯಂಥ ಚಿಗುರು ನೆಟ್ಟಗೆ ಏಳುತ್ತದೆ. ಅದನ್ನು ಹಾಗೇ ಬಿಟ್ಟರೆ ಉದ್ದ ಸೂಜಿ ಬರುತ್ತದೆ. ಜಪಾನಿನವರು ಅದನ್ನು ಜೂನ್ ತಿಂಗಳಿಂದ ಜುಲೈ ಮಧ್ಯದವರೆಗಿನ ಅವಧಿಯಲ್ಲಿ ಬುಡಕ್ಕೇ ಕತ್ತರಿಸುತ್ತಾರೆ. ಹೋದ ವರ್ಷದ ಹಳೇ ಸೂಜಿಗಳನ್ನು ಉಳಿಸುತ್ತಾರೆ. ಕತ್ತರಿಸಿದ ಜಾಗದ ಸುತ್ತ ಎರಡು, ಮೂರು, ಕೆಲವು ಸಲ ನಾಲ್ಕೈದು ಹೊಸ ಮೊಗ್ಗು ಒಡೆಯುತ್ತವೆ. ಇದು ವರ್ಷದ ಎರಡನೇ ಚಿಗುರು. ಇದಕ್ಕೆ ಚಳಿ ಬರುವವರೆಗೆ ಸುಮಾರು ನೂರು ದಿನ ಮಾತ್ರ ಸಿಗುತ್ತದೆ. ದಿನ ಕಡಿಮೆ, ಒಂದು ಕುಡಿಯ ಜಾಗದಲ್ಲಿ ಹಲವು ಕುಡಿ. ಹಂಗಾಗಿ ಸೂಜಿ ಗಿಡ್ಡ ಬರುತ್ತದೆ.

ಇಲ್ಲಿ ತಾರೀಖೇ ಮುಖ್ಯ. ಬೇಗ ಕತ್ತರಿಸಿದರೆ ಬೆಳೆಯಲು ಹೆಚ್ಚು ದಿನ, ಸೂಜಿ ಉದ್ದ. ತಡ ಮಾಡಿದರೆ ಸೂಜಿ ಗಿಡ್ಡ. ಬಹಳ ತಡವಾದರೆ ಚಿಗುರು ಬಲಿಯುವ ಮೊದಲೇ ಚಳಿ ಹಿಡಿಯುತ್ತದೆ. ಅದಕ್ಕೇ ದೊಡ್ಡ ಗಿಡಗಳಿಗೆ ಮೊದಲು ಕತ್ತರಿ, ಚಿಕ್ಕ ಗಿಡಗಳಿಗೆ ಎರಡು ವಾರ ತಡವಾಗಿ. ದೊಡ್ಡ ಗಿಡಕ್ಕೆ ಸೂಜಿ ಸ್ವಲ್ಪ ಉದ್ದವಿದ್ದರೂ ಒಪ್ಪುತ್ತದೆ, ಚಿಕ್ಕದಕ್ಕೆ ಒಪ್ಪುವುದಿಲ್ಲ.

ಒಂದೇ ಗಿಡದಲ್ಲೂ ಎಲ್ಲ ಕುಡಿಗೆ ಒಂದೇ ದಿನ ಕತ್ತರಿ ಹಾಕುವುದಿಲ್ಲ. ನೆತ್ತಿಯ ಕುಡಿ ಯಾವಾಗಲೂ ಜೋರು, ಕೆಳಗಿನ ಟೊಂಗೆ ನಿಧಾನ. ಹೀಗಾಗಿ ಮೊದಲು ಕೆಳಗಿನ ಬಡಕುಡಿಗಳನ್ನು ಕತ್ತರಿಸಿ, ಏಳರಿಂದ ಹತ್ತು ದಿನ ಬಿಟ್ಟು ನೆತ್ತಿಯದನ್ನು ಕತ್ತರಿಸುವ ಪದ್ಧತಿ ಇದೆ. ಬಡಕುಡಿಗೆ ಹತ್ತು ದಿನ ಹೆಚ್ಚು ಸಿಕ್ಕಿತು, ಜೋರಿನದಕ್ಕೆ ಕಡಿಮೆಯಾಯಿತು. ಕೊನೆಗೆ ಎರಡೂ ಕಡೆ ಸೂಜಿ ಒಂದೇ ಅಳತೆಗೆ ಬರುತ್ತದೆ. ಹಳೇ ಸೂಜಿ ಕೀಳುವಾಗಲೂ ಇದೇ ಲೆಕ್ಕ: ನೆತ್ತಿಯಲ್ಲಿ ನಾಲ್ಕೈದು ಜೊತೆ ಉಳಿಸಿದರೆ ಕೆಳಗೆ ಎಂಟು ಹತ್ತು ಜೊತೆ ಉಳಿಸುತ್ತಾರೆ. ಎಲೆ ಅಂದರೆ ಅಡಿಗೆಮನೆ. ಬಡ ಟೊಂಗೆಗೆ ಅಡಿಗೆಮನೆ ದೊಡ್ಡದಿರಲಿ ಎಂಬುದು ಲೆಕ್ಕ. ಚಳಿಗೆ ಮುಂಚೆ ಪ್ರತಿ ಜಾಗದಲ್ಲಿ ಎರಡೇ ಮೊಗ್ಗು ಉಳಿಸಿ ಉಳಿದದ್ದನ್ನು ತೆಗೆಯುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಟೊಂಗೆ ಒಡೆಯುತ್ತ ಹೋಗುತ್ತದೆ. ಕುಡಿ ಹೆಚ್ಚಿದಷ್ಟೂ ಸೂಜಿ ಇನ್ನೂ ಗಿಡ್ಡವಾಗುತ್ತದೆ. ಒಂದೇ ವರ್ಷದಲ್ಲಿ ಆಗುವ ಕೆಲಸ ಇದಲ್ಲ.

ನಮ್ಮ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಇದರಲ್ಲಿ ಹೊಸದೇನಿದೆ? ಎಪ್ರಿಲ್ ಚಾಟ್ನಿ ಕಡ್ಡಿ ಮಾಡಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಎಪ್ರಿಲ್ ಚಾಟ್ನಿ ಆದ ಮೇಲೆ ಚಿಗುರು ಬಂದಾಗ ಕುಡಿ ಚಿವುಟಿ ಉಪಕಡ್ಡಿ ಒಡೆಸುತ್ತೇವೆ. ಚಾಟ್ನಿಯ ತಾರೀಖು ತಪ್ಪಿದರೆ ಇಡೀ ವರ್ಷದ ಲೆಕ್ಕ ತಪ್ಪುತ್ತದೆ ಎಂದು ಪ್ರತಿಯೊಬ್ಬರಿಗೂ ಗೊತ್ತು. ದ್ರಾಕ್ಷಿಯಲ್ಲಿ ನಾವು ಹಣ್ಣಿಗಾಗಿ ಮಾಡಿದ್ದನ್ನು ಅವರು ಸಣ್ಣ ಎಲೆಗಾಗಿ ಮಾಡಿದರು, ಅಷ್ಟೇ.

ಉಪವಾಸ ಕೆಡವಿದರೆ ಎಲೆ ಸಣ್ಣದಾಗದು, ಗಿಡ ಸಾಯುತ್ತದೆ

ಬೋನ್ಸಾಯ್ ಬಗ್ಗೆ ನಮ್ಮಲ್ಲಿ ಹರಡಿರುವ ದೊಡ್ಡ ತಪ್ಪು ತಿಳುವಳಿಕೆ ಇದು: "ಗೊಬ್ರಾ ಕೊಡಬಾರದು, ನೀರ ಬಿಗಿ ಹಿಡೀಬೇಕು, ಅಂದ್ರ ಗಿಡಾ ಕುಳ್ಳ ಆಗತೈತಿ, ಎಲಿ ಸಣ್ಣಾಗತಾವ." ಉಪವಾಸದ ಗಿಡದ ಎಲೆ ಸಣ್ಣದಾಗಬಹುದು. ಆದರೆ ಹಳದಿಯೂ ಆಗುತ್ತದೆ, ಉದುರುತ್ತದೆ. ಅಂಥ ಗಿಡಕ್ಕೆ ಚಾಟ್ನಿ ಮಾಡಿದರೆ ಎರಡನೇ ಚಿಗುರು ಬರುವುದೇ ಇಲ್ಲ, ಟೊಂಗೆ ಒಣಗುತ್ತದೆ.

ಎರಡನೇ ಚಿಗುರು ಬರುವುದು ಗಿಡ ಮೊದಲೇ ಕೂಡಿಟ್ಟ ಆಹಾರದಿಂದ. ಹಗೇವಿನಲ್ಲಿ ಕಾಳಿದ್ದರೆ ಬರಗಾಲದಲ್ಲಿ ಒಲೆ ಹೊತ್ತುತ್ತದೆ. ಇಲ್ಲದಿದ್ದರೆ ಇಲ್ಲ. ಅದಕ್ಕೇ ಜಪಾನಿನವರು ಬೆಚ್ಚಗಾದಾಗಿನಿಂದ ಚಾಟ್ನಿಯ ದಿನದವರೆಗೆ ಹಿಂಡಿ ಗೊಬ್ಬರ ಧಾರಾಳ ಕೊಡುತ್ತಾರೆ. ಅವರದು ಸಾಸಿವೆ ಜಾತಿಯ ಎಣ್ಣೆಕಾಳಿನ ಹಿಂಡಿ. ಚಾಟ್ನಿಯ ದಿನ ಕುಂಡದ ಮೇಲಿನ ಹಿಂಡಿಯನ್ನೆಲ್ಲ ಎತ್ತಿಬಿಡುತ್ತಾರೆ. ಹೊಸ ಸೂಜಿ ಉದ್ದವಾಗುವ ದಿನಗಳಲ್ಲಿ ಗೊಬ್ಬರ ಇಲ್ಲ. ಸೂಜಿ ಬಲಿತ ಮೇಲೆ ಮತ್ತೆ ಗೊಬ್ಬರ ಶುರು, ಚಳಿಯವರೆಗೆ. ವರ್ಷವಿಡೀ ಹಸಿದಿಡುವುದು ಬೇರೆ, ಎರಡು ಮೂರು ತಿಂಗಳು ಕೈ ಹಿಡಿಯುವುದು ಬೇರೆ.

ನೀರಿಗೂ ಇದೇ ಮಾತು. ಲಿಂಬೆಗೆ ಹಸ್ತ ಬಹಾರ ಹಿಡಿಸುವಾಗ ಇಂಡಿ ಭಾಗದವರು ನೀರು ಬಿಗಿ ಹಿಡಿಯುತ್ತಾರೆ. ಆದರೆ ನೆಲದಲ್ಲಿರುವ ಲಿಂಬೆಯ ಬೇರು ಆಳಕ್ಕೆ ಹೋಗಿರುತ್ತದೆ, ತಡೆಯುತ್ತದೆ. ಮೂರು ಅಂಗುಲ ಆಳದ ಕುಂಡದಲ್ಲಿ ನಮ್ಮ ಎಪ್ರಿಲ್ ಬಿಸಿಲಿಗೆ ಒಂದು ಮಧ್ಯಾಹ್ನ ಸಾಕು, ಗಿಡ ಹೋಗುತ್ತದೆ. ಕುಂಡದಲ್ಲಿ ನೀರು ಹಿಡಿಯುವುದು ಅಂದರೆ ಮೇಲ್ಮಣ್ಣು ಒಣಗುವವರೆಗೆ ಕಾಯುವುದು ಮಾತ್ರ. ಎಲೆ ಬಾಡುವವರೆಗೆ ಕಾಯುವುದಲ್ಲ.

ದ್ರಾಕ್ಷಿಗೆ, ಮಾವಿಗೆ ಬಳಸುವ ಬೆಳವಣಿಗೆ ತಡೆಯುವ ಔಷಧಿಗಳನ್ನು ಕುಂಡಕ್ಕೆ ಹಾಕಿದರೆ ಹೇಗೆ ಎಂದು ಕೇಳುವವರೂ ಇದ್ದಾರೆ. ಬೇಡ. ಮಾವಿಗೆ ಹಾಕುವ ಕಲ್ಟಾರ್‌ನಂಥದ್ದು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಕುಂಡದ ಅಷ್ಟಿಷ್ಟು ಮಣ್ಣಿಗೆ ಅಳತೆ ಹಾಕುವುದೂ ಕಷ್ಟ. ಚಿಗುರು ಮುದುಡಿ ಗಂಟುಗಂಟಾಗಿ ಗಿಡ ಹಾಳಾಗುತ್ತದೆ.

ಎಲ್ಲ ಪೈನ್‌ಗೂ ಇದು ನಡೆಯದು

ಇನ್ನೊಂದು ಎಚ್ಚರಿಕೆ. ಈ ಚಾಟ್ನಿ ನಡೆಯುವುದು ವರ್ಷಕ್ಕೆ ಎರಡು ಸಲ ಚಿಗುರುವ ಶಕ್ತಿ ಇರುವ ಪೈನ್‌ಗೆ ಮಾತ್ರ: ಜಪಾನಿನ ಕಪ್ಪು ಪೈನ್, ಕೆಂಪು ಪೈನ್. ಐದು ಸೂಜಿಯ ಜಪಾನಿ ಬಿಳಿ ಪೈನ್ ವರ್ಷಕ್ಕೆ ಒಂದೇ ಸಲ ಚಿಗುರುವಂಥದ್ದು. ಅದರ ಚಿಗುರನ್ನು ಬುಡಕ್ಕೆ ಕತ್ತರಿಸಿದರೆ ಆ ವರ್ಷ ಮತ್ತೆ ಬರುವುದಿಲ್ಲ. ಅದಕ್ಕೆ ಎಳೆಯದಿದ್ದಾಗ ಬೆರಳಿಂದ ಅರ್ಧ ಮುರಿಯುವುದಷ್ಟೇ.

ಹಿಮಾಲಯದ ತಪ್ಪಲಿನ ನಮ್ಮ ದೇಶದ ಚೀಡ ಪೈನ್‌ಗೆ ಮೂರು ಮೂರು ಸೂಜಿ, ಒಂದೊಂದು ಎಂಟರಿಂದ ಹನ್ನೆರಡು ಅಂಗುಲ. ಅದನ್ನು ಎಷ್ಟು ಪಳಗಿಸಿದರೂ ಗೇಣುದ್ದದ ಗಿಡಕ್ಕೆ ಒಪ್ಪುವ ಅಳತೆಗೆ ತರುವುದು ಕಷ್ಟ. ಗಿಡ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ ಅನ್ನುವುದು ಇದಕ್ಕೇ. ಹುಟ್ಟಾ ಎಲೆ ಸಣ್ಣದಿರುವ ಜಾತಿ ತೆಗೆದುಕೊಂಡವನ ಶ್ರಮ ಕಡಿಮೆ.

ಚಾಟ್ನಿ ಮಾಡಬಾರದ ಸಂದರ್ಭಗಳೂ ಇವೆ. ಅದೇ ವರ್ಷ ಕುಂಡ ಬದಲಿಸಿದ ಗಿಡ, ರೋಗ ಬಿದ್ದು ಎದ್ದ ಗಿಡ, ಕಾಂಡ ಇನ್ನೂ ದಪ್ಪ ಆಗಬೇಕಾದ ಎಳೇ ಗಿಡ, ಈ ಮೂರಕ್ಕೂ ಬೇಡ. ಎಲೆ ಸಣ್ಣದು ಮಾಡುವುದು ಕೊನೆಯ ಹಂತದ ಕೆಲಸ. ಕಾಂಡ ದಪ್ಪ ಆಗಲು ದೊಡ್ಡ ಎಲೆ, ಉದ್ದ ಟೊಂಗೆ ಬೇಕೇ ಬೇಕು. ಮೊದಲ ನಾಲ್ಕೈದು ವರ್ಷ ಎಲೆಯ ಚಿಂತೆ ಬಿಡಿ.

ನಿಡಗುಂದಿಯ ಬಿಸಿಲಿಗೆ ಪೈನ್ ಬೇಡ

ದಕ್ಷಿಣದಲ್ಲಿ ಪೈನ್ ತೋಪು ನೋಡಬೇಕಾದರೆ ಊಟಿ, ಕೊಡೈಕೆನಾಲ್‌ಗೆ ಹೋಗಬೇಕು. ಅಲ್ಲಿಯ ಎತ್ತರ, ತಂಪು, ಹುಳಿಮಣ್ಣು ಅದಕ್ಕೆ ಹಿಡಿಸುತ್ತದೆ. ಜಪಾನಿನ ಕಪ್ಪು ಪೈನ್‌ಗೆ ಚಳಿಗಾಲದ ನಿದ್ದೆ ಬೇಕು. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಸಾಲದು. ಬೇಸಿಗೆಯಲ್ಲಿ ನಮ್ಮಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಎರೆಮಣ್ಣಿನಲ್ಲಿ ಸುಣ್ಣ, ಬೋರ್ ನೀರಿನಲ್ಲಿ ಉಪ್ಪು. ಪೈನ್‌ಗೆ ಇವು ಯಾವುವೂ ಆಗಿ ಬರುವುದಿಲ್ಲ.

ಹೀಗಿರುವಾಗ ಯಾರಾದರೂ ಬಂದು "ಪೈನ್ ಸಸಿ ಕೊಡ್ತೀವಿ, ಬೆಳೆಸಿ ಕೊಡ್ರಿ, ನಾವೇ ವಾಪಸ್ ಕೊಳ್ತೀವಿ" ಎಂದರೆ ರೊಕ್ಕ ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಗಿಡ ನಮ್ಮ ತಾಲ್ಲೂಕಿನಲ್ಲಿ ಐದು ಬೇಸಿಗೆ ಕಳೆದು ಬದುಕಿದ್ದನ್ನು ಎಲ್ಲಿ ತೋರಿಸುತ್ತೀರಿ? ತೋರಿಸಲು ಆಗದಿದ್ದರೆ ಆ ವ್ಯವಹಾರ ಅಲ್ಲಿಗೇ ಬಿಡಿ.

ಹಾಗಾದರೆ ನಮ್ಮದು ಯಾವುದು? ಸೂಜಿಯಂಥ ಎಲೆಯೇ ಬೇಕೆಂದರೆ ಸರ್ವೆ. ಇಲ್ಲದಿದ್ದರೆ ಹುಣಸೆ, ಆಲ, ಬಸರಿ.

ಸರ್ವೆ: ನಮ್ಮ ನಾಡಿನ ಸೂಜಿ ಮರ

ಸರ್ವೆ, ಅಂದರೆ ಗಾಳಿ ಮರ, ಪೈನ್ ಜಾತಿಯದಲ್ಲ. ಮೂಲತಃ ನಮ್ಮ ನಾಡಿನದೂ ಅಲ್ಲ. ಕಾರವಾರದ ಕಡಲ ತೀರದಲ್ಲಿ 19ನೇ ಶತಮಾನದ ಉತ್ತರಾರ್ಧದಲ್ಲಿ ಉರುವಲಿಗಾಗಿ ನೆಡಲು ಶುರುವಾದದ್ದು. ನಾವು ಅದರ ಸೂಜಿ ಅನ್ನುವುದು ನಿಜಕ್ಕೂ ಎಲೆ ಅಲ್ಲ, ಹಸಿರು ಬಣ್ಣದ ಸಣ್ಣ ಕಡ್ಡಿ. ಹಿಡಿದು ಎಳೆದರೆ ಗೆಣ್ಣುಗೆಣ್ಣಾಗಿ ಬಿಚ್ಚಿಕೊಳ್ಳುತ್ತದೆ. ಪ್ರತಿ ಗೆಣ್ಣಿನಲ್ಲಿ ಆರರಿಂದ ಎಂಟು ಸಣ್ಣ ಹಲ್ಲುಗಳು ಸುತ್ತುಗಟ್ಟಿರುತ್ತವೆ. ಆ ಹಲ್ಲುಗಳೇ ಅದರ ಎಲೆ.

ಈ ವ್ಯತ್ಯಾಸ ನಮಗೆ ಲಾಭದ್ದು. ಪೈನ್ ಸೂಜಿಯ ತುದಿ ಕತ್ತರಿಸಬಾರದು, ಸರ್ವೆಯದನ್ನು ಚಿವುಟಬಹುದು. ಗೆಣ್ಣಿನಲ್ಲಿ ಬೆರಳಿಂದ ಎಳೆದು ಬಿಡಿಸಿದರೆ ಸುಟ್ಟ ಗಾಯ ಕಾಣುವುದಿಲ್ಲ.

ಕ್ರಮ ಹೀಗೆ. ಟೊಂಗೆಯ ಆಕಾರ ಮೂಡಿದ ಗಿಡಕ್ಕೆ ಯುಗಾದಿಯಿಂದ ದೀಪಾವಳಿವರೆಗೆ, ಬೆಳವಣಿಗೆ ಇರುವಷ್ಟು ಕಾಲ, ಉದ್ದ ಬಂದ ಸೂಜಿಗಳನ್ನು ಅರ್ಧ ಅಂಗುಲದಿಂದ ಒಂದು ಅಂಗುಲಕ್ಕೆ ಚಿವುಟುತ್ತ ಬರಬೇಕು. ಚಿವುಟಿದಷ್ಟೂ ಪಕ್ಕದಿಂದ ಹೊಸ ಕುಡಿ ಒಡೆದು ದಟ್ಟವಾಗುತ್ತದೆ. ನೆತ್ತಿಗೆ ಹೆಚ್ಚು ಚಿವುಟಿ, ಕೆಳಗಿನ ಟೊಂಗೆಗೆ ಕಡಿಮೆ. ಪೈನ್‌ನ ಸಮತೋಲದ ಲೆಕ್ಕ ಇಲ್ಲೂ ಅದೇ. ಕೆಳಕ್ಕೆ ಜೋತುಬಿದ್ದ ಸೂಜಿಗಳನ್ನು ಪೂರ್ತಿ ತೆಗೆದು ಮೇಲ್ಮುಖದವನ್ನು ಉಳಿಸಿದರೆ ದೂರದಿಂದ ಪೈನ್‌ನಂತೆಯೇ ಕಾಣುತ್ತದೆ.

ಮೂರು ಮಾತು ನೆನಪಿರಲಿ. ಹಸಿರು ಒಂದೂ ಉಳಿಯದಂತೆ ಟೊಂಗೆಯನ್ನು ಬೋಳು ಮಾಡಬೇಡಿ. ಸರ್ವೆ ಕಡಿದ ಬುಡದಿಂದ ಸುಲಭವಾಗಿ ಚಿಗುರುವ ಮರ ಅಲ್ಲ, ಬೋಳಾದ ಟೊಂಗೆ ಒಣಗಬಹುದು. ಎರಡನೆಯದು, ಅದರ ಬೇರಿನಲ್ಲಿ ಗಂಟುಗಳಿರುತ್ತವೆ. ತೊಗರಿ, ಶೇಂಗಾ ಬೇರಿನ ಗಂಟಿನ ಹಾಗೆ ಅವೂ ಗಾಳಿಯ ಸಾರಜನಕ ಹಿಡಿಯುತ್ತವೆ, ಸೂಕ್ಷ್ಮಜೀವಿ ಮಾತ್ರ ಬೇರೆ. ಆದ್ದರಿಂದ ಯೂರಿಯಾ ಬೇಡವೇ ಬೇಡ. ಕುಂಡ ಬದಲಿಸುವಾಗ ಹಳೇ ಮಣ್ಣು ಒಂದಿಷ್ಟು ಉಳಿಸಿ. ಮೂರನೆಯದು, ಕುಂಡದ ಸರ್ವೆಗೆ ನೀರು ಚೆನ್ನಾಗಿ ಬೇಕು. ನೆಲದಲ್ಲಿ ಬರ ತಡೆಯುವ ಮರ ಎಂದು ಕುಂಡದಲ್ಲಿ ಒಣಗಿಸಿದರೆ ಹಸಿರಿದ್ದಂತೆಯೇ ಇದ್ದು ಒಂದು ದಿನ ಪೂರ್ತಿ ಉದುರುತ್ತದೆ. ಸ್ವಲ್ಪ ಉಪ್ಪು ನೀರನ್ನೂ ಅದು ತಡೆದುಕೊಳ್ಳುತ್ತದೆ ಎಂಬುದು ನಮ್ಮ ಭಾಗಕ್ಕೆ ಅನುಕೂಲ.

ಹುಣಸೆ: ಬೀಜ ಪುಕ್ಕಟೆ, ಬಾಳಿಕೆ ಹೆಚ್ಚು

ನನ್ನನ್ನು ಕೇಳಿದರೆ ಸಣ್ಣ ರೈತ ಶುರು ಮಾಡಬೇಕಾದದ್ದು ಹುಣಸೆಯಿಂದ. ಬೀಜಕ್ಕೆ ಖರ್ಚಿಲ್ಲ. ನಮ್ಮ ಬಿಸಿಲು, ನಮ್ಮ ಮಣ್ಣು ಅದಕ್ಕೆ ಹುಟ್ಟಿನಿಂದ ಗೊತ್ತು. ಎಲೆ ತಾನಾಗಿ ಸಣ್ಣ ಸಣ್ಣ ದಳಗಳಾಗಿ ಒಡೆದಿರುತ್ತದೆ. ತೊಗಟೆ ಬೇಗ ಬಿರಿದು ಮುದಿ ಮರದಂತೆ ಕಾಣುತ್ತದೆ.

ಹುಣಸೆಯಲ್ಲಿ ಸಣ್ಣದಾಗಬೇಕಾದದ್ದು ಒಂದೊಂದು ದಳ ಅಲ್ಲ, ಇಡೀ ಗರಿ. ಒಂದು ಗರಿಗೆ ಹತ್ತರಿಂದ ಹದಿನೆಂಟು ಜೊತೆ ದಳ ಇರುತ್ತವೆ. ಪಳಗಿದ ಗಿಡದಲ್ಲಿ ದಳವೂ ಚಿಕ್ಕದಾಗುತ್ತದೆ, ಗರಿಯೂ ಗಿಡ್ಡವಾಗುತ್ತದೆ.

ನಮ್ಮ ಕಡೆ ಹುಣಸೆ ಬೇಸಿಗೆಯ ಆರಂಭಕ್ಕೆ ಹಳೇ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಹೊಸ ಚಿಗುರು ತೆಗೆಯುತ್ತದೆ. ಅದನ್ನು ಅನುಸರಿಸಿ ಕೆಲಸ ಹಮ್ಮಿಕೊಳ್ಳಬೇಕು. ಶಿವರಾತ್ರಿ ಸುಮಾರಿಗೆ ಟೊಂಗೆ ಕತ್ತರಿಸಿ ಆಕಾರ ಸರಿಮಾಡಿ. ಬೇರು ಸವರಿ ಕುಂಡ ಬದಲಿಸುವುದಿದ್ದರೂ ಆಗಲೇ. ಯುಗಾದಿಗೆ ಬಂದ ಚಿಗುರು ಐದಾರು ಗರಿ ಬಿಟ್ಟ ಮೇಲೆ ಎರಡು ಗರಿ ಉಳಿಸಿ ತುದಿ ಚಿವುಟಿ. ಪಕ್ಕದಿಂದ ಎರಡು ಕುಡಿ ಒಡೆಯುತ್ತವೆ. ಅವನ್ನೂ ಹಾಗೇ. ಈ ಎರಡು ಸುತ್ತಿನ ಹೊತ್ತಿಗೆ ಗಿಡಕ್ಕೆ ಶೇಂಗಾ ಹಿಂಡಿ, ಬೇವಿನ ಹಿಂಡಿ, ಎರೆಗೊಬ್ಬರ ಸಾಕಷ್ಟು ಸಿಕ್ಕಿರಬೇಕು.

ಮಿರಗಾ ಮಳೆ ಬಿದ್ದು ಗಾಳಿ ತಂಪಾದ ಮೇಲೆ, ಗಿಡ ಗಟ್ಟಿಯಾಗಿದ್ದರೆ ಮಾತ್ರ, ಎಲ್ಲ ಗರಿಗಳನ್ನೂ ಕತ್ತರಿಯಿಂದ ತೆಗೆಯಬಹುದು. ಗರಿಯ ಬುಡದ ತೊಟ್ಟು ಅರೆ ಅಂಗುಲ ಉಳಿಯಲಿ, ಅದರ ಕಂಕುಳಿನಲ್ಲೇ ಮುಂದಿನ ಮೊಗ್ಗು ಇರುತ್ತದೆ. ಜಗ್ಗಿ ಕಿತ್ತರೆ ಮೊಗ್ಗೂ ಹೋಗುತ್ತದೆ. ಎಲೆ ಇಲ್ಲದ ಗಿಡ ನೀರು ಕಡಿಮೆ ಕುಡಿಯುತ್ತದೆ, ಆದ್ದರಿಂದ ಆ ದಿನಗಳಲ್ಲಿ ಕುಂಡ ಕೆಸರಾಗದಂತೆ ನೋಡಿಕೊಳ್ಳಿ. ಗೊಬ್ಬರ ನಿಲ್ಲಿಸಿ. ದಿನವಿಡೀ ಬಿಸಿಲು ಬೀಳುವ ಜಾಗದಲ್ಲಿಡಿ. ಎರಡು ಮೂರು ವಾರದಲ್ಲಿ ಒಂದರ ಜಾಗದಲ್ಲಿ ಹಲವು ಕುಡಿ ಏಳುತ್ತವೆ, ಗರಿ ಗಿಡ್ಡ ಬರುತ್ತದೆ. ಅದು ಬಲಿತ ಮೇಲೆ ಮತ್ತೆ ಗೊಬ್ಬರ. ಇಡೀ ಎಲೆ ತೆಗೆಯುವುದು ವರ್ಷಕ್ಕೆ ಒಂದೇ ಸಲ, ಕುಂಡ ಬದಲಿಸಿದ ವರ್ಷ ಅದೂ ಇಲ್ಲ.

ಒಂದು ವಿಷಯ ಕೊಳ್ಳುವವರಿಗೂ ಹೇಳಬೇಕು. ಎಲೆ ಸಣ್ಣದಾಗುತ್ತದೆ, ಹೂ ಕಾಯಿ ಸಣ್ಣದಾಗುವುದಿಲ್ಲ. ಬೋನ್ಸಾಯ್ ಹುಣಸೆಯಲ್ಲಿ ಬಿಟ್ಟ ಕಾಯಿ ಹೊಲದ ಹುಣಸೆಕಾಯಿಯಷ್ಟೇ ಇರುತ್ತದೆ.

ಆಲ, ಬಸರಿ, ಅರಳಿ

ಆಲದ ಎಲೆ ಹುಟ್ಟಾ ದೊಡ್ಡದು. ಅದಕ್ಕೆ ಎರಡು ಅಡಿ ಎತ್ತರದ ದೊಡ್ಡ ಗಿಡವೇ ಒಪ್ಪುತ್ತದೆ. ತೊಟ್ಟು ಉಳಿಸಿ ಎಲೆ ಕತ್ತರಿಸುವ ಕ್ರಮ ಹುಣಸೆಯಂತೆಯೇ. ಹಾಲು ಸೋರುವುದು ನಿಂತ ಮೇಲೆ ಮಾತ್ರ ನೀರು ಚಿಮುಕಿಸಿ. ಅರಳಿ ಎಲೆಯ ತೊಟ್ಟು ಉದ್ದ, ಎಲೆ ಸಣ್ಣದಾದರೂ ತೊಟ್ಟು ಜೋತಾಡುತ್ತದೆ. ಬಸರಿ ಇವೆರಡಕ್ಕಿಂತ ಸುಲಭ.

ಈ ಜಾತಿಗಳಿಗೆ ಸಸಿ ಕೊಳ್ಳಬೇಕಾಗಿಲ್ಲ. ಹಳೇ ಬಾವಿಯ ಕಲ್ಲುಸಂದಿ, ಮನೆ ಮಾಳಿಗೆ, ಕಂಪೌಂಡ್ ಗೋಡೆಯ ಬಿರುಕಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಅವು ಹುಟ್ಟಿರುತ್ತವೆ. ಗೋಡೆ ಉಳಿಯಬೇಕಾದರೆ ಹೇಗೂ ಕೀಳಬೇಕು. ವರ್ಷಗಟ್ಟಲೆ ಹಸಿದು ಬೆಳೆದ ಆ ಗಿಡದ ಬುಡ ದಪ್ಪ ಇರುತ್ತದೆ, ಬೇರು ಸೊಟ್ಟಗೆ ಚೆಂದ ಇರುತ್ತದೆ. ಮಾಲೀಕರನ್ನು ಕೇಳಿ ಮಳೆಗಾಲದಲ್ಲಿ ತೆಗೆಯಿರಿ. ಅರಣ್ಯದಿಂದ ಮಾತ್ರ ಗಿಡ ತರಬೇಡಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅದು ಅಪರಾಧ.

ಕುಂಡದ ಮಣ್ಣು

ಎರೆಮಣ್ಣು ಜೋಳಕ್ಕೆ ದೇವರು, ಕುಂಡಕ್ಕೆ ಶತ್ರು. ಹಸಿಯಾದರೆ ಅಂಟುಂಡೆ, ಒಣಗಿದರೆ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ. ಎಲೆ ಸಣ್ಣದಾಗಲು ಬೇಕಾದದ್ದು ನಾರಿನಂಥ ಸಾವಿರ ಬೇರು. ಅವು ಬರಬೇಕಾದರೆ ಕಾಳಿನಂಥ, ನೀರು ನಿಲ್ಲದ ಮಣ್ಣು ಬೇಕು. ಕೆಂಪು ಗರಸು, ಇಟ್ಟಿಗೆ ಚೂರು ಎರಡನ್ನೂ ಸಾಣಿಗೆ ಹಿಡಿದು ಧೂಳು ತೆಗೆದು ಜೋಳದ ಕಾಳಿನಷ್ಟು ದಪ್ಪದ್ದನ್ನು ಉಳಿಸಿ. ಇವು ಎರಡೆರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು. ನೀರು ಹಾಕಿದ ಕೂಡಲೇ ತಳದ ತೂತಿನಿಂದ ಇಳಿಯಬೇಕು. ಮಳೆ ನೀರು ಹಿಡಿದಿಟ್ಟುಕೊಂಡು ನಡುನಡುವೆ ಕೊಟ್ಟರೆ ಬೋರ್ ನೀರಿನ ಉಪ್ಪು ತೊಳೆದು ಹೋಗುತ್ತದೆ.

ಎಷ್ಟು ಗಿಡ, ಏನು ನಿರೀಕ್ಷೆ

ಇದನ್ನೇ ನಂಬಿ ಹೊಲ ಬಿಡಬೇಡಿ. ಹಿತ್ತಲಿನಲ್ಲಿ ಇಪ್ಪತ್ತು ಹುಣಸೆ, ಹತ್ತು ಸರ್ವೆಯಿಂದ ಶುರು ಮಾಡಿ. ಮೊದಲ ಮೂರು ವರ್ಷ ಕುಂಡವೂ ಬೇಡ, ನೆಲದಲ್ಲೋ ಹಳೇ ಡಬ್ಬದಲ್ಲೋ ಬೆಳೆಯಲಿ, ಬುಡ ಬೇಗ ದಪ್ಪವಾಗುತ್ತದೆ. ಹೆಣ್ಣುಮಕ್ಕಳು, ವಯಸ್ಸಾದವರು ಕೂತು ಮಾಡಬಹುದಾದ ಕೆಲಸ ಇದು. ದಿನಕ್ಕೆ ಒಂದು ತಾಸು ಸಾಕು, ಆದರೆ ಆ ತಾಸು ತಪ್ಪಬಾರದು. ಬೇಸಿಗೆಯಲ್ಲಿ ಮನೆ ಮಂದಿ ಎಲ್ಲ ಜಾತ್ರೆಗೆ ಹೋದರೆ ನೀರು ಹಾಕಲು ಒಬ್ಬರಾದರೂ ಉಳಿಯಬೇಕು.

ಬೆಲೆ ಇಷ್ಟೇ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಸಾಲ ಮಾಡುವ ಬಾಬತ್ತಲ್ಲ ಇದು. ಕೊಳ್ಳುವವರು ಗಿಡ ನೋಡಿ ಬೆಲೆ ಕಟ್ಟುತ್ತಾರೆ. ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನಗಳಲ್ಲಿ ಒಂದೆರಡು ಗಿಡ ಇಟ್ಟು ನೋಡಿದರೆ ಮಂದಿ ಏನು ಕೇಳುತ್ತಾರೆ ಎಂದು ತಿಳಿಯುತ್ತದೆ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ನಮಗೆ ಹೊಳೆ ದಾಟಿದರೆ ಸಿಗುತ್ತದೆ. ಕೀಟ, ರೋಗದ ಸಂಶಯಕ್ಕೆ ಅಲ್ಲಿ ಕೇಳಬಹುದು.

ನೆನಪಿಡಲು

• ಬಂದ ಎಲೆಯನ್ನು ಕತ್ತರಿಸಿ ಸಣ್ಣದು ಮಾಡಲಾಗದು, ಮುಂದಿನ ಚಿಗುರಿಗೆ ತಯಾರಿ ಮಾಡಬೇಕು.
• ಮೊದಲು ಗಿಡಕ್ಕೆ ಬಲ, ಆಮೇಲೆ ಚಾಟ್ನಿ. ಬಡ ಗಿಡಕ್ಕೆ ಕತ್ತರಿ ಬೇಡ.
• ಚಾಟ್ನಿಗೆ ಮೊದಲು ಗೊಬ್ಬರ ಧಾರಾಳ, ಹೊಸ ಎಲೆ ಬಲಿಯುವವರೆಗೆ ಬಂದ್, ಬಲಿತ ಮೇಲೆ ಮತ್ತೆ ಶುರು.
• ನೆತ್ತಿಗೆ ಹೆಚ್ಚು ಕತ್ತರಿ, ಕೆಳಗಿನ ಟೊಂಗೆಗೆ ಕಡಿಮೆ.
• ಬಿಸಿಲು ಪೂರ್ತಿ ಬೇಕು. ನೆರಳಿನ ಗಿಡದ ಎಲೆ ಎಂದೂ ಸಣ್ಣದಾಗದು.
• ಹುಣಸೆ, ಆಲಕ್ಕೆ ತೊಟ್ಟು ಉಳಿಸಿ ಎಲೆ ತೆಗೆಯಿರಿ. ಸರ್ವೆಗೆ ಚಿವುಟುವುದು ಮಾತ್ರ, ಬೋಳು ಮಾಡಬೇಡಿ.
• ಕುಂಡ ಬದಲಿಸಿದ ವರ್ಷ ಎಲೆ ತೆಗೆಯಬೇಡಿ.
• ಕಾಂಡ ದಪ್ಪ ಆಗುವವರೆಗೆ ಎಲೆಯ ಗೊಡವೆ ಬೇಡ.